ದೇವರಕಾಡಿನ ದಾರಿಯಲ್ಲಿ ಲಂಟಾನ ಕಿತ್ತ ಮೂರು ವರ್ಷ

ನಮ್ಮೂರು ಕೊಡಗಿನ ವಿರಾಜಪೇಟೆ ಕಡೆ. ಊರಿನಿಂದ ಅಯ್ಯಪ್ಪನ ದೇವರಕಾಡಿಗೆ ಒಂದು ಕಾಲುದಾರಿ ಇದೆ, ಮುಕ್ಕಾಲು ಕಿಲೋಮೀಟರ್ ಇರಬಹುದು. ನಾನು ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಹಬ್ಬಕ್ಕೆ ಹೋದಾಗ ಸೆರಗನ್ನು ಮುಳ್ಳಿನಿಂದ ಬಿಡಿಸಿಕೊಳ್ಳುತ್ತಾ ಒಬ್ಬರ ಹಿಂದೆ ಒಬ್ಬರು ಹೋಗಬೇಕಾಯಿತು. ಎರಡೂ ಬದಿಯಲ್ಲಿ ತಲೆಗಿಂತ ಎತ್ತರ ಲಂಟಾನ ಎಂಬ ಮುಳ್ಳು ಕಳೆ. ಹತ್ತು ಅಡಿ ಮುಂದೆ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಅದೇ ದಾರಿಯಲ್ಲಿ ಶಾಲೆ ಮಕ್ಕಳು ಓಡಾಡುತ್ತಾರೆ. ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಆ ಮೇ ತಿಂಗಳಲ್ಲೇ ಏಳೆಂಟು ಜನ ಸೇರಿ ಕತ್ತಿ, ವೀಡ್ ಕಟರ್ ಹಿಡಿದು ದಾರಿಯ ಊರಿನ ಕಡೆಯ ಭಾಗವನ್ನು ಸವರಿದೆವು. ಸಂಜೆಗೆ ನೋಡಲು ಬಹಳ ಚೆನ್ನಾಗಿತ್ತು. ಮಳೆಗಾಲ ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೋದರೆ ಒಂದು ಬುಡದಲ್ಲಿ ಹತ್ತು ಚಿಗುರು! ಮೊದಲು ಒಂಟಿ ಕೊಂಬೆ ಇದ್ದಲ್ಲಿ ಈಗ ಪೊದೆ. ಲಂಟಾನವನ್ನು ನೆಲದ ಮೇಲೆ ಕಡಿಯುವುದೆಂದರೆ ಕಾಫಿ ಗಿಡದ ರೆಂಬೆ ಸವರಿದ ಹಾಗೆ. ಕಡಿದಷ್ಟೂ ಜೋರಾಗಿ ಬರುತ್ತದೆ.

ಆಮೇಲೆ ಸರಿಯಾದ ವಿಧಾನ ಹುಡುಕಿದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಸಂಗಡಿಗರು ಕಾರ್ಬೆಟ್ ಕಾಡಿನಲ್ಲಿ ಮಾಡಿ ನೋಡಿದ ಕ್ರಮ ಅದು. ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಗಂಟಿನಿಂದ. ಆ ಗಂಟಿನ ಕೆಳಗೆ, ಅಂದರೆ ನೆಲದಿಂದ ಒಂದೆರಡು ಇಂಚು ಆಳದಲ್ಲಿ, ತಾಯಿಬೇರನ್ನು ಕಡಿಯಬೇಕು. ಪೂರ್ತಿ ಬೇರು ಅಗೆದು ತೆಗೆಯುವ ಅಗತ್ಯವಿಲ್ಲ. ಅಗೆದಷ್ಟೂ ಮಣ್ಣು ಸಡಿಲವಾಗಿ, ಒಳಗೆ ಮಲಗಿರುವ ಬೀಜ ಮೇಲೆ ಬಂದು ಮೊಳೆಯುತ್ತದೆ. ಕಡಿದ ಗಿಡವನ್ನು ಬೇರು ಮೇಲೆ ಮಾಡಿ ಮಗುಚಿ ಇಡಬೇಕು. ಸುಮ್ನೆ ಎಸೆದರೆ ಹಸಿ ಮಣ್ಣಿಗೆ ತಾಗಿದ ಕೊಂಬೆ ಮತ್ತೆ ಬೇರು ಬಿಡುತ್ತದೆ.

ಒಂದು ಪೊದೆಗೆ ಇಬ್ಬರು ಬೇಕು. ಒಬ್ಬರು ಕವೆಗೋಲಿನಿಂದ ಕೊಂಬೆಗಳನ್ನು ಎತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಬುಡಕ್ಕೆ ಬಗ್ಗಿ ಪಿಕಾಸಿ ಹಾಕುತ್ತಾರೆ. ದಪ್ಪ ಕೈಗವಸು, ಉದ್ದ ತೋಳಿನ ಅಂಗಿ, ಗಮ್ ಬೂಟು ಇಲ್ಲದೆ ಯಾರನ್ನೂ ನಾನು ಸೇರಿಸಿಕೊಳ್ಳುವುದಿಲ್ಲ. ಪೊದೆಯೊಳಗೆ ಮಂಡಲದ ಹಾವು ಇರಬಹುದು. ಮೊದಲು ಕೋಲಿನಿಂದ ಬಡಿದು, ಎರಡು ನಿಮಿಷ ಕಾದು, ಆಮೇಲೆ ಕೈ ಹಾಕುತ್ತೇವೆ. ಹಕ್ಕಿ ಗೂಡು ಕಂಡರೆ ಆ ಪೊದೆಯನ್ನು ಹಾಗೇ ಬಿಡುತ್ತೇವೆ. ಮರಿ ಹಾರಿದ ಮೇಲೆ ನೋಡಿಕೊಳ್ಳಬಹುದು. ಹೊಸ ಆನೆ ಲದ್ದಿ ಕಂಡ ದಿನ ಕೆಲಸವೇ ಇಲ್ಲ, ವಾಪಸ್ಸು ಮನೆಗೆ.

ಊರಿನ ಕಡೆಯಿಂದ ದೇವರಕಾಡಿನ ಗಡಿಯವರೆಗೆ ಇದೇ ಕ್ರಮದಲ್ಲಿ ಬಂದೆವು. ಅಲ್ಲಿ ನಿಂತೆವು. ದೇವರಕಾಡಿನೊಳಗೆ ಕತ್ತಿ ಆಡಿಸಬಾರದು ಎಂದು ಕೇಳಿಯೇ ಬೆಳೆದವರು ನಾವು. ಊರಿನ ದೇವರ ಕೆಲಸ ನೋಡಿಕೊಳ್ಳುವ ಮುಖ್ಯಸ್ಥರಾದ ತಕ್ಕರ ಮನೆಗೆ ಹೋಗಿ ಕೇಳಿದೆ. ಅವರು ತುಂಬಾ ಹೊತ್ತು ಯೋಚಿಸಿದರು. "ಅದು ದೇವರು ನೆಟ್ಟ ಗಿಡ ಅಲ್ಲವಲ್ಲ ಮಗಳೇ, ಹೊರಗಿನಿಂದ ಬಂದದ್ದು. ಅದನ್ನು ತೆಗೆಯಿರಿ. ಆದರೆ ಬೇರೆ ಯಾವುದರ ಒಂದು ಎಲೆಯೂ ಹೋಗಬಾರದು" ಎಂದರು. ಅವರು ಹೇಳಿದ್ದು ನಿಜ. ಲಂಟಾನ ಅಮೆರಿಕ ಖಂಡದ ಗಿಡ. ಬ್ರಿಟಿಷರು ಹೂವಿನ ಚಂದಕ್ಕೆಂದು ತೋಟಕ್ಕೆ ತಂದದ್ದು. ತಕ್ಕರ ಒಪ್ಪಿಗೆಯ ನಂತರ ಅರಣ್ಯ ಇಲಾಖೆಯ ಅನುಮತಿಯನ್ನೂ ಬರೆದು ತೆಗೆದುಕೊಂಡೆವು. ಅದಕ್ಕೆ ಸಮಯ ಹಿಡಿಯಿತು. ಆದರೆ ಈ ಎರಡು ಒಪ್ಪಿಗೆ ಇಲ್ಲದೆ ಯಾರೂ ಕಾಡಿನೊಳಗೆ ಹೀಗೆ ಕೆಲಸ ಶುರು ಮಾಡಬಾರದು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಹೆಚ್ಚಿನವು ಚಿಕ್ಕವು, ಸುತ್ತಲೂ ತೋಟ, ಗದ್ದೆ. ಲಂಟಾನಕ್ಕೆ ಬೇಕಾದದ್ದು ಅಂಚಿನ ಬಿಸಿಲು. ಕಾಡು ಚಿಕ್ಕದಾದಷ್ಟೂ ಅದರ ವಿಸ್ತಾರಕ್ಕೆ ಹೋಲಿಸಿದರೆ ಅಂಚು ಜಾಸ್ತಿ ಅಲ್ವಾ? ನಮ್ಮ ದೇವರಕಾಡಿನಲ್ಲೂ ದೊಡ್ಡ ಮರಗಳ ನೆರಳಿನಲ್ಲಿ ಲಂಟಾನ ಬಡಕಲು. ಒಂದು ಹಲಸಿನ ಮರ ಬಿದ್ದು ಬೆಳಕು ಇಳಿದ ಜಾಗದಲ್ಲಿ ಮಾತ್ರ ಗೋಡೆಯ ಹಾಗೆ ಎದ್ದಿತ್ತು.

ಆ ಗೋಡೆಯನ್ನು ಬಿಡಿಸುವಾಗ ಮೂರನೇ ಭಾನುವಾರ ನನ್ನ ಪಿಕಾಸಿಗೆ ಏನೋ ಠಣ್ ಎಂದು ತಾಗಿತು. ಕೈಯಿಂದ ಮಣ್ಣು ಸರಿಸಿದೆ. ಮಣ್ಣಿನ ನಾಯಿ. ಒಂದು ಕಿವಿ ಮುರಿದಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ನಾಯಿಗಳು. ಯಾರ ಅಜ್ಜ, ಯಾವ ವರ್ಷ ತಂದಿಟ್ಟರೋ. ಲಂಟಾನ ಅವುಗಳನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಎಲ್ಲರೂ ಬೂಟು ಬಿಚ್ಚಿ ನಿಂತೆವು. ತಕ್ಕರಿಗೆ ಹೇಳಿ ಕಳಿಸಿ, ಅವರು ಬರುವ ತನಕ ಯಾರೂ ಏನನ್ನೂ ಮುಟ್ಟಲಿಲ್ಲ. ಆ ಜಾಗದಲ್ಲಿ ಅವತ್ತಿನಿಂದ ಪಿಕಾಸಿ ಬಳಸಿಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೈಯಿಂದಲೇ ಕೀಳುತ್ತೇವೆ.

ತಕ್ಕರಿಗೆ ಕೊಟ್ಟ ಮಾತನ್ನು ನಾವು ಒಮ್ಮೆ ಮುರಿದೆವು. ಅಕ್ಟೋಬರ್‌ನಲ್ಲಿ ಕಾಲೇಜು ಮಕ್ಕಳು ಹತ್ತು ಜನ ಬಂದಿದ್ದರು. ಹುಮ್ಮಸ್ಸಿನಲ್ಲಿ ಕಿತ್ತು ಗುಡ್ಡೆ ಹಾಕುತ್ತಿದ್ದರು. ಹಾಡಿಯಿಂದ ನಮ್ಮ ಜೊತೆ ಬರುವ ಯರವ ಬುಡಕಟ್ಟಿನ ಅಜ್ಜಿ ಗುಡ್ಡೆಯಿಂದ ಒಂದು ಗಿಡ ಎತ್ತಿ, "ಇದು ಮದ್ದು ಸೊಪ್ಪಲ್ವಾ ಮಗಾ, ಇದನ್ನ್ಯಾಕೆ ಕಿತ್ತಿರಿ?" ಎಂದರು. ಆಗಸ್ಟ್ ಮೊದಲ ವಾರ ಬರುವ ಕೊಡವ ತಿಂಗಳು ಕಕ್ಕಡದ 18ರಂದು ಕೊಡಗಿನ ಮನೆಮನೆಯಲ್ಲಿ ನೇರಳೆ ಬಣ್ಣದ ಪಾಯಸ ಮಾಡುವುದು ಇದರ ರಸದಿಂದಲೇ. ಕಟ್ಟು ಕಟ್ಟಾಗಿ ಅಡುಗೆಮನೆಗೆ ಬಂದದ್ದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಆಗ ಅದರ ಪರಿಮಳವೇ ಗುರುತು ಹೇಳುತ್ತದೆ. ಅಕ್ಟೋಬರ್‌ನಲ್ಲಿ ಆ ಪರಿಮಳ ಇರಲಿಲ್ಲ. ನನ್ನ ಕಣ್ಣ ಮುಂದೆಯೇ ಗುಡ್ಡೆ ಸೇರಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಕೆಲಸಕ್ಕೆ ಮೊದಲು ಅಜ್ಜಿ ಮುಂದೆ ನಡೆಯುತ್ತಾರೆ. ಉಳಿಸಬೇಕಾದ ಗಿಡಕ್ಕೆಲ್ಲ ಕೆಂಪು ಬಟ್ಟೆ ಚೂರು ಕಟ್ಟುತ್ತೇವೆ. ಮದ್ದು ಸೊಪ್ಪು, ಕುರುಂಜಿ, ನೇರಳೆ ಸಸಿ, ನಂದಿ ಸಸಿ. ಹೊಸಬರು ಬಂದ ದಿನ ಲಂಟಾನ ಒಂದನ್ನೇ ಕಲಿಸುತ್ತೇವೆ: ಚೌಕ ಕಾಂಡ, ಒರಟು ಎಲೆ, ಉಜ್ಜಿದರೆ ಘಾಟು ವಾಸನೆ. ಬೇರೆ ಕಳೆಯನ್ನು ಅವರು ಮುಟ್ಟುವ ಹಾಗಿಲ್ಲ. ಕಡಿಮೆ ಕೆಲಸ ಆದರೂ ಪರವಾಗಿಲ್ಲ.

ದಾರಿ ಬದಿಯ ಇನ್ನೊಂದು ಕಾಟ ಯುಪಟೋರಿಯಂ ಎಂಬ ಕಳೆ. ಅದರ ಬೀಜ ಗಾಳಿಯಲ್ಲಿ ಹಾರುತ್ತದೆ. ಹಾಗಾಗಿ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರುವ ಪುತ್ತರಿ ಸುಗ್ಗಿ ಹಬ್ಬದೊಳಗೆ, ಹೂವು ಬೀಜವಾಗುವ ಮುಂಚೆ, ಕಿತ್ತು ಮುಗಿಸಬೇಕು. ಬಿಟ್ಟರೆ ಫೆಬ್ರವರಿಯಲ್ಲಿ ಒಣಗಿ ಬೆಂಕಿಗೆ ಸೌದೆಯಾಗುತ್ತದೆ.

ಲಂಟಾನದ ಲೆಕ್ಕ ಬೇರೆ. ಹಣ್ಣನ್ನು ಪಿಕಳಾರ ಹಕ್ಕಿ ತಿಂದು, ಕೂತ ಮರದ ಕೆಳಗೆ ಬೀಜ ಉದುರಿಸುತ್ತದೆ. ದೊಡ್ಡ ಪೊದೆ ತೆಗೆದ ಜಾಗದಲ್ಲಿ ಮೊದಲ ಮಳೆಗೇ ನೂರಾರು ಸಸಿ ಏಳುತ್ತವೆ. ಎರಡೆಲೆ, ನಾಲ್ಕೆಲೆ ಇರುವಾಗ ಅವನ್ನು ಎರಡು ಬೆರಳಲ್ಲಿ ಕೀಳಬಹುದು. ಒಂದು ವರ್ಷ ಬಿಟ್ಟರೆ ಮತ್ತೆ ಪಿಕಾಸಿ ಬೇಕು. ಪೊದೆ ಕೀಳುವ ದಿನ ನಮ್ಮಲ್ಲಿಗೆ ಮೂವತ್ತು ಜನ ಬರುತ್ತಾರೆ, ಸಸಿ ಕೀಳುವ ದಿನ ನಾಲ್ವರು. ನನಗೆ ಆ ನಾಲ್ವರೇ ಮುಖ್ಯ. ಜೂನ್, ಜುಲೈನಲ್ಲಿ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು, ಜಿಗಣೆ ಕಿತ್ತುಕೊಳ್ಳುತ್ತಾ, ಕುಕ್ಕರುಗಾಲಲ್ಲಿ ಕೂತು ಅವರು ಮಾಡುವ ಕೆಲಸದಿಂದಲೇ ಈ ದಾರಿ ಉಳಿದಿದೆ.

ಹಲಸು ಬಿದ್ದ ಜಾಗದಲ್ಲಿ ಈಗ ನಂದಿ, ನೇರಳೆ ಸಸಿಗಳು ನನ್ನ ಸೊಂಟದವರೆಗೆ ಬಂದಿವೆ. ನಾವು ನೆಟ್ಟದ್ದಲ್ಲ, ಲಂಟಾನದ ಅಡಿಯಲ್ಲಿ ಮೊದಲೇ ಇದ್ದವು. ಅವು ನೆರಳು ಕೊಡುವಷ್ಟು ಎತ್ತರ ಆಗುವ ತನಕ ನಾವು ಹೋಗುತ್ತಿರಬೇಕು. ಈ ಭಾನುವಾರ ತೋಡಿನ ಪಕ್ಕದ ಅತ್ತಿ ಮರದ ಕೆಳಗೆ ಕೆಲಸ ಇದೆ. ಅಲ್ಲಿ ಪಿಕಳಾರ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಅಜ್ಜಿ ಕೆಂಪು ಬಟ್ಟೆ ಹರಿದಿಟ್ಟುಕೊಂಡು ಬರುತ್ತೇನೆ ಎಂದಿದ್ದಾರೆ.