ಕಾಗದದ ಪಟ್ಟಿಯಲ್ಲಿ ಅರ್ಥವಾದ ಭಿನ್ನರಾಶಿ

1/2ಕ್ಕೆ 1/3 ಕೂಡಿಸಿ ಅಂದರೆ ನನ್ನ ತರಗತಿಯ ಮಕ್ಕಳು 2/5 ಅಂತಲೇ ಬರೆಯುತ್ತಿದ್ದರು. ಬೋರ್ಡಿನ ಮೇಲೆ ಎಷ್ಟು ಬಿಡಿಸಿ ಹೇಳಿದರೂ ಸುಮ್ನೆ ತಲೆ ಆಡಿಸುತ್ತಿದ್ದರು. ಮರುದಿನ ಅದೇ ತಪ್ಪು.

ಕೊನೆಗೆ ಸೀಮೆಸುಣ್ಣ ಕೆಳಗಿಟ್ಟೆ. ಇಬ್ಬಿಬ್ಬರಿಗೆ 12 ಸೆಂಟಿಮೀಟರಿನ ಮೂರು ಕಾಗದದ ಪಟ್ಟಿ ಕೊಟ್ಟೆ. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಚಿ ಕತ್ತರಿಸಿದರು. ಎರಡರಿಂದಲೂ ಒಂದೊಂದು ತುಂಡು ತೆಗೆದು ಇಡೀ ಪಟ್ಟಿಯ ಮೇಲೆ ಸಾಲಾಗಿ ಜೋಡಿಸಿದರು. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಬೆರಳಿಟ್ಟು ತೋರಿಸಿದಳು: "2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಇದು ಜಾಸ್ತಿ ಇದೆ!"

ನನಗೆ ಬೇಕಾಗಿದ್ದೂ ಅದೇ. ಇಡೀ ಪಟ್ಟಿಯನ್ನು ಆರಾಗಿ ಮಡಚಿ ನೋಡಿದಾಗ ಐದು ಭಾಗ ತುಂಬಿತ್ತು. ಉತ್ತರ 5/6 ಎಂದು ಅವರೇ ಹೇಳಿದರು. ಸಮಾನ ಛೇದ (ಎರಡೂ ಭಿನ್ನರಾಶಿಗಳ ಕೆಳಗಿನ ಸಂಖ್ಯೆ ಒಂದೇ ಇರುವುದು) ಎಂಬ ಪದವನ್ನು ಆಮೇಲಷ್ಟೇ ಬರೆದೆ. ಪಟ್ಟಿಗಳ ಉದ್ದ ಮಾತ್ರ ಒಂದೇ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.