ಆಟಿಯ ಮಧ್ಯಾಹ್ನ ಪಾಡ್ದನ: ಅಧ್ಯಯನ ಕೇಂದ್ರವೊಂದು ಊರಿಗೆ ಹೋಗುವ ಬಗೆ

ಪಾಡ್ದನವೆಂದರೆ ತುಳುವಿನ ಉದ್ದನೆಯ ಕಥನ ಹಾಡು. ಅದನ್ನು ಊರಿನಲ್ಲೇ ಹಾಡಿಸಿ ಧ್ವನಿಮುದ್ರಿಸಿಕೊಳ್ಳುವ ಬಗ್ಗೆ ನಮ್ಮ ಕೇಂದ್ರ ಕಲಿತದ್ದು ಇಲ್ಲಿದೆ. ವಿಶ್ವವಿದ್ಯಾನಿಲಯದ ಪ್ರಾದೇಶಿಕ ಅಧ್ಯಯನ ಕೇಂದ್ರಗಳ ಕಾರ್ಯಕ್ರಮಗಳು ಹೆಚ್ಚಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ಬಂದು ಬೀಳುತ್ತವೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕು ಎಂಬುದೇ ಕಾರಣ. ತುಳುನಾಡಿನ ಮಟ್ಟಿಗೆ ಇದಕ್ಕಿಂತ ತಪ್ಪು ಕಾಲ ಇನ್ನೊಂದಿಲ್ಲ. ದೀಪಾವಳಿ ಕಳೆದು ದೈವಗಳ ನೇಮ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ಅವೆಲ್ಲ ನಿಲ್ಲುವ ಪತ್ತನಾಜೆಯವರೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತರವರೆಗೆ (ಮೇ 24ರ ಆಸುಪಾಸು), ನಮಗೆ ಬೇಕಾದ ಕಲಾವಿದರು ರಾತ್ರಿಯಿಡೀ ದುಡಿದು ಹಗಲು ನಿದ್ದೆ ಮಾಡುವವರು. ಅವರನ್ನು ಬೆಳಿಗ್ಗೆ ಹತ್ತು ಗಂಟೆಗೆ ಸಭಾಂಗಣಕ್ಕೆ ಕರೆಸಿದರೆ ಸಿಗುವುದು ದಣಿದ ದನಿ.

ಪತ್ತನಾಜೆ ಕಳೆದ ತಕ್ಷಣವೂ ಆಗುವುದಿಲ್ಲ. ಜೂನ್, ಜುಲೈಯಲ್ಲಿ ಏಣೆಲ್ ಬೆಳೆಯ, ಅಂದರೆ ಮಳೆಗಾಲದ ಭತ್ತದ ನಾಟಿ. ಗದ್ದೆಯ ಪಾಡ್ದನ ಬಲ್ಲ ಹೆಂಗಸರು ಆಗ ಗದ್ದೆಯಲ್ಲೇ ಇರುತ್ತಾರೆ. ನಾವು ಕಂಡುಕೊಂಡ ಸಮಯ ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕೊನೆಯ ಎರಡು ವಾರ ಮತ್ತು ಅದರ ಮುಂದಿನ ಸೋಣ ತಿಂಗಳ ಮೊದಲ ವಾರ. ನಾಟಿ ಮುಗಿದಿರುತ್ತದೆ, ಹೆಚ್ಚಿನ ವರ್ಷಗಳಲ್ಲಿ ಅಷ್ಟಮಿ ಚೌತಿಗಳ ಗಡಿಬಿಡಿ ಶುರುವಾಗಿರುವುದಿಲ್ಲ. ಇದಕ್ಕೆ ಅನುದಾನದ ಪ್ರಸ್ತಾವವನ್ನು ಏಪ್ರಿಲ್‌ನಲ್ಲೇ ಕಳುಹಿಸಬೇಕು.

ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಕೊಡಲು ಹೋಗುವವರಿದ್ದಾರೆ. ಬೀಡಿ ಕಟ್ಟುವವರಿಗೆ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ ಬರಲಾಗುವುದಿಲ್ಲ. ಆ ದಿನ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಸಂಜೆಯ ಬಸ್ಸು ತಪ್ಪಿದರೆ ಮುಂದಿನ ವರ್ಷ ಅವರು ಬರುವುದಿಲ್ಲ.

ಜಾಗದ ವಿಷಯದಲ್ಲಿ ಎರಡು ಮಾತು. ಭಜನಾ ಮಂದಿರ ಸುಲಭವಾಗಿ ಸಿಗುತ್ತದೆ, ಚಾಪೆ, ಮೈಕು ಎಲ್ಲ ಅಲ್ಲೇ ಇರುತ್ತವೆ. ಆದರೆ ಅದರ ಒಳಗೆ ಬಂದು ಕೂರಲು ಹಿಂಜರಿಯುವ ಹಾಡುಗಾರರು ಇದ್ದಾರೆ, ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಮನೆಗಳ ಅಜ್ಜಿಯಂದಿರಂತೂ ಬರುವುದೇ ಇಲ್ಲ. ಸರಕಾರಿ ಶಾಲೆ ಎಲ್ಲರಿಗೂ ಸಲ್ಲುವ ಜಾಗ. ಎರಡನೆಯದು ಛಾವಣಿ. ತಗಡಿನ ಶೀಟಿನ ಕೆಳಗೆ ಆಟಿಯ ಮಳೆ ಹೊಡೆದರೆ ಯಾವ ಮೈಕೂ ಉಪಯೋಗಕ್ಕೆ ಬಾರದು. ಮಂಗಳೂರು ಹಂಚಿನ ಹಳೆ ಕೊಠಡಿ, ಅದರಲ್ಲೂ ಮುಚ್ಚಿಗೆ ಹಾಕಿದ್ದು ಸಿಕ್ಕಿದರೆ ಅರ್ಧ ಕೆಲಸ ಆದಂತೆ. ವೇದಿಕೆ ಬೇಡ. ಚಾಪೆ ಹಾಸಿ ವೃತ್ತವಾಗಿ ಕೂರಿಸಿ, ಮೊಣಕಾಲು ನೋವಿನವರಿಗೆ ಮಾತ್ರ ಕುರ್ಚಿ.

ಎಷ್ಟು ಜನ ಹಾಡಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಹನ್ನೆರಡು ತಂಡ, ತಲಾ ಹತ್ತು ನಿಮಿಷ ಎಂದು ಆಮಂತ್ರಣ ಪತ್ರಿಕೆ ಮುದ್ರಿಸಿದರೆ ಪಾಡ್ದನ ಸಾಯುತ್ತದೆ. ಪಾಡ್ದನ ಹಾಡುಗಾರ ಗೋಪಾಲ ನಾಯ್ಕರು 1990ರಲ್ಲಿ ಹಾಡಿ, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೋ ಅವರ ತಂಡ 1998ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನ 15,683 ಸಾಲುಗಳದ್ದು. ಅದನ್ನು ಹಾಡಿ ಮುಗಿಸಲು ದಿನಗಳೇ ಹಿಡಿದವು. ಹತ್ತು ನಿಮಿಷದಲ್ಲಿ ಹಾಡುವವರ ಗಂಟಲು ಬಿಸಿಯಾಗಿರುವುದೂ ಇಲ್ಲ, ಕತೆ ತಾನು ಹುಟ್ಟಿದ ಬೀಡಿನಿಂದ (ಬಲ್ಲಾಳರ ಅರಮನೆಯಂಥ ಮನೆ) ಹೊರಬಿದ್ದಿರುವುದೂ ಇಲ್ಲ. ಒಂದು ಮಧ್ಯಾಹ್ನಕ್ಕೆ ಇಬ್ಬರು ಮುಖ್ಯ ಹಾಡುಗಾರರು, ತಲಾ ನಲವತ್ತೈದು ನಿಮಿಷ, ಜೊತೆಗೆ ಮರುದನಿ ಕೊಡುವ ಮೂರು ನಾಲ್ಕು ಮಂದಿ. ಅಷ್ಟೇ ಸಾಕು. ಸಭಾ ಕಾರ್ಯಕ್ರಮ ಬೇಕೇ ಬೇಕೆಂದಾದರೆ ಹಾಡು ಮುಗಿದ ಮೇಲೆ ಇಪ್ಪತ್ತು ನಿಮಿಷ ಇಡಿ. ಮೊದಲು ಇಟ್ಟರೆ ಶಾಲು, ಹಾರ, ಸ್ಮರಣಿಕೆಯಲ್ಲೇ ಮೂರೂವರೆ ಆಗುತ್ತದೆ.

ಯಾವ ಪಾಡ್ದನ ಎಂಬುದನ್ನು ಹಾಡುವವರೇ ಹೇಳಬೇಕು. ನಾಟಿ ಗದ್ದೆಯಲ್ಲಿ ಹೆಂಗಸರು ಹಾಡುವುದು ಬೇರೆ, ನೇಮದಲ್ಲಿ ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತಾ ಹೇಳುವುದು ಬೇರೆ. ಎರಡನೆಯದರಲ್ಲಿ ಹೊತ್ತು, ಜಾಗ, ಶುದ್ಧದ ಕಟ್ಟು ಇರುತ್ತದೆ. ಹೊರಗೆ ಹೇಳಬಾರದು ಎಂದರೆ ಅಲ್ಲಿಗೆ ಬಿಡಬೇಕು. ಬೆನ್ನಿಗೆ ಅಣಿಯ ಅಲಂಕಾರ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು ಸಭಾಂಗಣದ ವೇದಿಕೆಯಲ್ಲಿ ದೈವವನ್ನು ಕುಣಿಸುವುದನ್ನು ನಾವು ಮಾಡುವುದಿಲ್ಲ. ನಂಬಿದವರಿಗೆ ಅದು ನೋವು, ಅಧ್ಯಯನಕ್ಕೂ ಅದರಿಂದ ಏನೂ ದಕ್ಕುವುದಿಲ್ಲ. ಇನ್ನೊಂದು, ಅತಿಥಿಗಳನ್ನು ಕರೆತರುವ ಮೆರವಣಿಗೆಗೆ ಕೊರಗರ ಡೋಲು ತರಿಸುವ ರೂಢಿ. ಕೊರಗ ಸಮುದಾಯದವರಿಂದ ಇಂಥ ಚಾಕರಿಯನ್ನು ಕೂಲಿಯಿಲ್ಲದೆ, ಕೀಳಾಗಿ ಕಂಡು ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲೇ ಕಾಯಿದೆ ಬಂದಿದೆ. ಡೋಲಿನವರನ್ನು ಬಾಗಿಲ ಹೊರಗೆ ನಿಲ್ಲಿಸಿ ಬಾರಿಸಲು ಹೇಳುವುದು ಅದೇ ಹಳೆಯ ಚಾಕರಿಯ ನೆರಳು. ಅವರನ್ನು ವೃತ್ತದೊಳಗೆ ಕೂರಿಸಿ, ಯಾವ ಬಡಿತ ಯಾವುದಕ್ಕೆ ಎಂದು ಅವರ ಬಾಯಿಂದಲೇ ಕೇಳಿ, ಉಳಿದವರಷ್ಟೇ ಸಂಭಾವನೆ ಕೊಡಿ.

ಧ್ವನಿಮುದ್ರಣ: ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಒಂದು ಮೈಕು ಮುಖ್ಯ ಹಾಡುಗಾರರಿಂದ ಒಂದು ಮೊಳ ದೂರಕ್ಕೆ, ಬಾಯಿಯ ಮಟ್ಟಕ್ಕಿಂತ ತುಸು ಕೆಳಗೆ. ಇನ್ನೊಂದು ಮರುದನಿಯವರ ನಡುವೆ. ಮರುದನಿ ಮೆಲ್ಲಗಿರುತ್ತದೆ, ಒಂದೇ ಮೈಕಿದ್ದರೆ ಅದು ಕಾಣೆಯಾಗುತ್ತದೆ. ತೆಂಬರೆ ಇದ್ದರೆ ಮೈಕಿನ ಬೆನ್ನು ಅದರ ಕಡೆಗಿರಲಿ. ಹಾಡು ಏರಿದಾಗ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಏಕೆಂದರೆ ಅರ್ಧ ಗಂಟೆ ಕಳೆದ ಮೇಲೆ ದನಿ ಇನ್ನೂ ಏರುತ್ತದೆ. ಫ್ಯಾನು ಬಂದ್. ಮಳೆಗಾಲದ ಕರೆಂಟನ್ನು ನಂಬಬೇಡಿ, ರೆಕಾರ್ಡರ್ ಬ್ಯಾಟರಿಯಲ್ಲೇ ನಡೆಯಲಿ.

ಒಪ್ಪಿಗೆಯನ್ನು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಪಡೆಯುವುದಕ್ಕಿಂತ ತುಳುವಿನಲ್ಲಿ ಕೇಳಿ ಅದನ್ನೇ ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದು. ಹೆಸರು, ಊರು, ಯಾರಿಂದ ಕಲಿತದ್ದು, ಯಾರು ಕೇಳಬಹುದು. ಕೊನೆಯ ಪ್ರಶ್ನೆಗೆ ನಾವು ಮೂರು ಉತ್ತರ ಇಟ್ಟಿದ್ದೇವೆ: ಎಲ್ಲರೂ ಕೇಳಬಹುದು, ಕೇಂದ್ರಕ್ಕೆ ಬಂದವರು ಕೇಳಬಹುದು, ಮನೆಯವರು ಮಾತ್ರ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕುಚ್ಚಲಕ್ಕಿ ಗಂಜಿಗೆ ತಲೆಗೆ 100 ಗ್ರಾಂ ಅಕ್ಕಿ, ಜೊತೆಗೆ ಚಟ್ನಿ, ಉಪ್ಪಡ್ ಪಚ್ಚಿಲ್ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ). ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆ (ಹಾಲೆ) ಮರದ ತೊಗಟೆ ತಂದು ಮಾಡುವ ಕಷಾಯವನ್ನು ಕಾರ್ಯಕ್ರಮದಲ್ಲಿ ಹಂಚಬೇಡಿ. ಕತ್ತಲೆಯಲ್ಲಿ ಮರ ತಪ್ಪಿ ಬೇರೆ ತೊಗಟೆ ಬಂದರೆ ಜೀವಕ್ಕೇ ಅಪಾಯ.

ಸಂಭಾವನೆ ಅದೇ ದಿನ ಕೈಗೆ ಸಿಗಬೇಕು. ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ; ಕೂಲಿಯ ಮೊತ್ತ, ಅದರ ಮೇಲೆ ಗೌರವಧನ, ವಾಹನ ಬೇರೆ. ಬ್ಯಾಂಕಿಗೇ ಹಾಕಬೇಕೆಂದು ಲೆಕ್ಕಪತ್ರ ವಿಭಾಗ ಹಟ ಹಿಡಿದರೆ ಪಾಸ್‌ಬುಕ್ಕಿನ ಪ್ರತಿಯನ್ನು ಹದಿನೈದು ದಿನ ಮೊದಲೇ ತರಿಸಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಅಥವಾ ಕೆವೈಸಿ ಆಗದೆ ಖಾತೆ ನಿಂತುಹೋಗಿರುವುದು ಸಾಮಾನ್ಯ. ನಗದು ಕೊಡುವುದಾದರೆ ಕೇಂದ್ರದ ಸಿಬ್ಬಂದಿಯ ಹೆಸರಿನಲ್ಲಿ ಮುಂಗಡ ಪಡೆದು ವೋಚರು ಮಾಡಿ. 5,000 ರೂಪಾಯಿ ಮೀರಿದ ರಶೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು, ನಾಲ್ಕೈದು ಜೇಬಿನಲ್ಲಿರಲಿ.

ಬರಹಕ್ಕಿಳಿಸುವ ಕೆಲಸ ನಿಧಾನದ್ದು. ಒಂದು ಗಂಟೆಯ ಪಾಡ್ದನಕ್ಕೆ ಪಳಗಿದವರಿಗೂ ಎರಡು ಮೂರು ದಿನ ಬೇಕು. ಕನ್ನಡ ಲಿಪಿಯಲ್ಲಿ ‘ಬರ್ಪೆ’ ಎಂದು ಬರೆದರೆ ‘ನಾನು ಬರುತ್ತೇನೆ’ಯೋ ‘ಅವನು ಬರುತ್ತಾನೆ’ಯೋ ತಿಳಿಯುವುದಿಲ್ಲ; ಬಾಯಲ್ಲಿ ಕೊನೆಯ ಎಕಾರ ಒಂದರಲ್ಲಿ ತೆರೆದದ್ದು, ಇನ್ನೊಂದರಲ್ಲಿ ಮುಚ್ಚಿದ್ದು. ಪಾಡ್ದನದಲ್ಲಿ ಕತೆ ಹೇಳುವ ದನಿ ನಡುವೆಯೇ ಪಾತ್ರದ ಮಾತಾಗಿ ತಿರುಗುವುದರಿಂದ ಈ ಗೊಂದಲ ಸಣ್ಣದಲ್ಲ. ತೆರೆದ ಎಕಾರಕ್ಕೆ ಒಂದು ಗುರುತು ಇಟ್ಟುಕೊಂಡು ಮೊದಲ ಸಾಲಿನಿಂದಲೇ ಬಳಸಬೇಕು. ಅರ್ಥ ತಿಳಿಯದ ಪದಕ್ಕೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ನೋಡಿ. ಊರೂರಿನ, ಜಾತಿ ಜಾತಿಯ ರೂಪಗಳು ಅದರಲ್ಲಿವೆ.

ತಿಂಗಳೊಳಗೆ ಅದೇ ಶಾಲೆಗೆ ಮರಳಿ ಹೋಗಿ ಎಲ್ಲರೆದುರು ಕೇಳಿಸುತ್ತೇವೆ. ತಪ್ಪಾಗಿ ಬರೆದ ಗುತ್ತು, ಬೀಡುಗಳ (ಊರಿನ ಹಳೆಯ ದೊಡ್ಡ ಮನೆತನಗಳ) ಹೆಸರು ಅಲ್ಲೇ ತಿದ್ದುಪಡಿಯಾಗುತ್ತವೆ. ಹಾಡಿದವರ ಮನೆಗೆ ಕೊಡುವ ಪ್ರತಿ ಮೆಮೊರಿ ಕಾರ್ಡಿನಲ್ಲಿ, ಎಂಪಿ3 ರೂಪದಲ್ಲಿ. ಅಜ್ಜಿಯಂದಿರು ಕೇಳುವ ಚಿಕ್ಕ ಸ್ಪೀಕರುಗಳಲ್ಲಿ ನಮ್ಮ ದೊಡ್ಡ ವೇವ್ ಫೈಲು ಎಷ್ಟೋ ಸಲ ಓಡುವುದಿಲ್ಲ. ಫೈಲುಗಳನ್ನು ಹತ್ತು ಹದಿನೈದು ನಿಮಿಷದ ತುಂಡು ಮಾಡಿ ಕ್ರಮಸಂಖ್ಯೆ ಕೊಡಿ, ಇಲ್ಲದಿದ್ದರೆ ಪ್ರತಿ ಸಲ ಮೊದಲಿನಿಂದಲೇ ಕೇಳಬೇಕಾಗುತ್ತದೆ.