ಅಪ್ಪನ ನೆಗೆಟಿವ್‌ಗಳೂ ಎರಡು ಡಿಸ್ಕ್‌ಗಳೂ

ಹಳೆಯ ಬಾಗಲಕೋಟೆಯಲ್ಲಿ ಅಪ್ಪನ ಫೋಟೊ ಸ್ಟುಡಿಯೊ ಇತ್ತು. ಆಲಮಟ್ಟಿಯ ಹಿನ್ನೀರು ಬಂದೇ ಬರುತ್ತದೆ ಎಂದು ಗೊತ್ತಾದ ಮೇಲೆ ಅವರು ಬಿಡುವಾದಾಗಲೆಲ್ಲ ಓಣಿ ಓಣಿ ತಿರುಗಿ ಮನೆ, ಗುಡಿ, ಕಟ್ಟೆ, ಹೋಳಿಯ ಬಣ್ಣದ ಬಂಡಿ ಎಲ್ಲದರ ಚಿತ್ರ ತೆಗೆದರು. ಆ ಮನೆಗಳಲ್ಲಿ ಎಷ್ಟೋ ಈಗ ಉಳಿದಿರುವುದು ನೆಗೆಟಿವ್‌ಗಳಲ್ಲಿ ಮಾತ್ರ. ತಗಡಿನ ಪೆಟ್ಟಿಗೆಯಲ್ಲಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದ ಅವನ್ನು ನಾನು ಮೂರು ವರ್ಷ ಕುಳಿತು ಸ್ಕ್ಯಾನ್ ಮಾಡಿದೆ. ಚೌಕದ ದೊಡ್ಡ ಕಪ್ಪು-ಬಿಳುಪು ನೆಗೆಟಿವ್ ಒಂದನ್ನು 3200 ಡಿಪಿಐನಲ್ಲಿ, ಅಂದರೆ ಇಂಚಿಗೆ 3200 ಚುಕ್ಕೆಯಂತೆ, 16 ಬಿಟ್ ಟಿಫ್ ಫೈಲ್ ಆಗಿ ಉಳಿಸಿದರೆ ಸುಮಾರು 100 ಎಂಬಿ. ನಾನು ತೆಗೆದ ಮದುವೆ ಚಿತ್ರಗಳೂ ಸೇರಿ 900 ಜಿಬಿ ಆಗಿತ್ತು. ಅಷ್ಟೂ ಒಂದೇ ಪೋರ್ಟಬಲ್ ಡಿಸ್ಕ್‌ನಲ್ಲಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಆ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ಮೂರು ಸಲ ಜೋಡಿಸಿದರೂ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ನಾಲ್ಕನೆಯ ಸಲ ಗುರುತಿಸಿದಾಗ ಊಟ ಬಿಟ್ಟು ಕುಳಿತು ಎಲ್ಲವನ್ನೂ ಇನ್ನೊಂದು ಡಿಸ್ಕ್‌ಗೆ ಇಳಿಸಿಕೊಂಡೆ. ಮರುವಾರವೇ ನ್ಯಾಸ್ ತರಿಸಿದೆ. ರೂಟರ್‌ಗೆ ಜೋಡಿಸಿಟ್ಟರೆ ಮನೆಯ ಎಲ್ಲ ಕಂಪ್ಯೂಟರ್‌ಗಳಿಗೂ ಒದಗುವ ಶೇಖರಣಾ ಪೆಟ್ಟಿಗೆ ಅದು. ಅದರೊಳಗೆ ಹಗಲಿರುಳು ಓಡಲೆಂದೇ ತಯಾರಾದ 4 ಟಿಬಿಯ ಎರಡು ಡಿಸ್ಕ್ ಹಾಕಿದೆ. ಒಂದೇ ತಂಡದಲ್ಲಿ ತಯಾರಾದವು ಒಟ್ಟಿಗೇ ಕೆಡಬಹುದೆಂಬ ಭಯಕ್ಕೆ ಅವನ್ನು ಬೇರೆ ಬೇರೆ ಅಂಗಡಿಗಳಿಂದ ಕೊಂಡೆ.

ರೇಡ್ 1 ಆರಿಸಿದೆ. ಬರೆದದ್ದೆಲ್ಲ ಎರಡೂ ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ದಾಖಲಾಗುವ ವಿಧಾನ ಇದು. ಹಾಗಾಗಿ ಬಳಕೆಗೆ ಸಿಗುವುದು ಒಂದು ಡಿಸ್ಕ್‌ನ ಜಾಗ. ಪರದೆಯ ಮೇಲೆ ಅದೂ 3.6 ಎಂದು ಕಂಡಾಗ ಗಾಬರಿಯಾಯಿತು. ತಯಾರಕರು ಸಾವಿರದ ಲೆಕ್ಕ ಹಿಡಿದರೆ ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಪೆಟ್ಟಿಗೆಯ ವಿಳಾಸ ಬದಲಾಗದಂತೆ ಅದಕ್ಕೊಂದು ಐಪಿ ಸಂಖ್ಯೆಯನ್ನು ರೂಟರ್‌ನಲ್ಲಿಯೇ ಕಾಯ್ದಿರಿಸಿದೆ.

ನಿಜವಾಗಿ ಸತಾಯಿಸಿದ್ದು ಕೇಬಲ್. ಚಿತ್ರಗಳ ನಕಲು ಶುರುವಾದಾಗ ವೇಗ ಸೆಕೆಂಡಿಗೆ 11 ಎಂಬಿ ದಾಟಲಿಲ್ಲ. ಆ ಲೆಕ್ಕದಲ್ಲಿ 900 ಜಿಬಿಗೆ ಸುಮಾರು 23 ಗಂಟೆ ಬೇಕು. ಡಿಸ್ಕ್ ಕೆಟ್ಟದ್ದೇ, ರೂಟರ್ ಹಳೆಯದೇ ಎಂದು ಎರಡು ದಿನ ತಡಕಾಡಿದೆ. ಕೊನೆಗೆ ನ್ಯಾಸ್‌ನ ಸೆಟ್ಟಿಂಗ್ ಪುಟದಲ್ಲಿ ಸಂಪರ್ಕದ ವೇಗ 100 ಎಂಬಿಪಿಎಸ್ ಎಂದಿರುವುದು ಕಣ್ಣಿಗೆ ಬಿತ್ತು. ಅದು ಸೆಕೆಂಡಿಗೆ ನೂರು ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಬಿ ಲೆಕ್ಕದಲ್ಲಿ ಹನ್ನೆರಡೂವರೆ ಮಾತ್ರ. ಸಾವಿರ ಇರಬೇಕಾದದ್ದು ನೂರಕ್ಕೆ ನಿಂತಿತ್ತು! ಗೋಡೆಯೊಳಗಿಂದ ಬಂದ ಲ್ಯಾನ್ ಕೇಬಲ್‌ನ ತುದಿ ನೋಡಿದರೆ ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ ಜೋಡಿಸಿದ್ದರು. ನೂರರ ವೇಗಕ್ಕೆ ನಾಲ್ಕು ಸಾಕು, ಸಾವಿರದ್ದಕ್ಕೆ, ಅಂದರೆ ಗಿಗಾಬಿಟ್‌ಗೆ, ಎಂಟೂ ಬೇಕು. ಎರಡೂ ತುದಿ ಕತ್ತರಿಸಿ ಎಂಟು ತಂತಿಗಳನ್ನೂ ಹೊಸದಾಗಿ ಕ್ರಿಂಪ್ ಮಾಡಿಸಿದೆ. ನಕಲಿನ ವೇಗ ಸೆಕೆಂಡಿಗೆ 110 ಎಂಬಿಗೆ ಏರಿತು. ನ್ಯಾಸ್ ಕೊಳ್ಳುವವರು ಮೊದಲು ತಮ್ಮ ಮನೆಯ ಕೇಬಲ್ ನೋಡಿಕೊಳ್ಳಿ ಎಂದು ಕೈಮುಗಿದು ಹೇಳುತ್ತೇನೆ.

ಮೇ ತಿಂಗಳಲ್ಲಿ ಕಪಾಟಿನೊಳಗಿದ್ದ ಪೆಟ್ಟಿಗೆಯ ಡಿಸ್ಕ್‌ಗಳು 54 ಡಿಗ್ರಿಗೆ ಕಾದಿದ್ದವು. ಹೊರಗೆ ಗಾಳಿಯಾಡುವ ಕಡೆ ಇಟ್ಟ ಮೇಲೆ 46ಕ್ಕೆ ಇಳಿದವು. ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ಕೆಡದಂತೆ ಯುಪಿಎಸ್ ಹಾಕಿದೆ. ಅದರ ಯುಎಸ್‌ಬಿ ತಂತಿಯನ್ನು ನ್ಯಾಸ್‌ಗೆ ಜೋಡಿಸಿರುವುದರಿಂದ ಬ್ಯಾಟರಿ ಇಳಿಯುತ್ತಿದ್ದಂತೆ ಪೆಟ್ಟಿಗೆ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ನಿಶ್ಚಿಂತೆಯಿಂದ ಇದ್ದಾಗ ತಮ್ಮ, ಎರಡೆರಡು ಸಲ ಇವೆ ಎಂದು ತಿಳಿದು, ಹೋಳಿಯ ಫೋಲ್ಡರ್ ಅಳಿಸಿಬಿಟ್ಟ. ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಅದು ಮಾಯ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ ಎಂಬುದಷ್ಟೇ ರೇಡ್‌ನ ಉಪಕಾರ. ನಮ್ಮ ಕೈತಪ್ಪನ್ನು ಅದು ಎರಡೂ ಕಡೆ ನಿಷ್ಠೆಯಿಂದ ನಕಲು ಮಾಡುತ್ತದೆ. ಏಪ್ರಿಲ್‌ನಲ್ಲಿ ಇಳಿಸಿಕೊಂಡಿದ್ದ ಆ ಇನ್ನೊಂದು ಡಿಸ್ಕ್ ಇಲ್ಲದಿದ್ದರೆ ಅಪ್ಪನ ಹೋಳಿ ಚಿತ್ರಗಳು ಹೋಗಿಯೇ ಬಿಡುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಸ್ನ್ಯಾಪ್‌ಶಾಟ್ ಚಾಲೂ ಮಾಡಿದೆ. ಪ್ರತಿ ರಾತ್ರಿಯ ಸ್ಥಿತಿ ದಾಖಲಾಗಿರುವುದರಿಂದ ಅಳಿಸಿದ್ದನ್ನು ಈಗ ಹಿಂದಕ್ಕೆ ತರಬಹುದು. ತಮ್ಮನಿಗೆ ನೋಡುವ ಅನುಮತಿ ಮಾತ್ರ ಉಳಿಸಿದೆ. ಹೊರಗಿನಿಂದ ನ್ಯಾಸ್ ತೆರೆಯುವ ದಾರಿಯನ್ನು ರೂಟರ್‌ನಲ್ಲಿ ಪೂರ್ತಿ ಮುಚ್ಚಿದೆ. 2021 ಮತ್ತು 2022ರಲ್ಲಿ ಕ್ಯೂಲಾಕರ್, ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶಗಳು ಅಂತರ್ಜಾಲಕ್ಕೆ ತೆರೆದಿದ್ದ ಇಂಥ ಸಾವಿರಾರು ಪೆಟ್ಟಿಗೆಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ್ದವು. ಊರಾಚೆಯಿಂದ ಚಿತ್ರ ನೋಡುವ ಅನುಕೂಲ ನನಗೆ ಬೇಕಿಲ್ಲ.

ಇನ್ನೊಂದು ಪ್ರತಿ ವಿಜಯಪುರದಲ್ಲಿ ತಂಗಿಯ ಮನೆಯಲ್ಲಿದೆ. ನ್ಯಾಸ್‌ನ ಹೊರಗಿನ ಎರಡು ಡಿಸ್ಕ್‌ಗಳನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡುತ್ತೇವೆ; ಒಂದು ಅಲ್ಲಿದ್ದರೆ ಇನ್ನೊಂದು ಇಲ್ಲಿ ಹೊಸ ಫೈಲ್‌ಗಳನ್ನು ತುಂಬಿಕೊಳ್ಳುತ್ತಿರುತ್ತದೆ. ಒಂದು ಊರನ್ನೇ ಬಿಟ್ಟು ಬಂದವರು ನಾವು. ಎಲ್ಲವನ್ನೂ ಒಂದೇ ಊರಿನಲ್ಲಿ ಇಡಲು ನನಗೆ ಮನಸ್ಸಾಗುವುದಿಲ್ಲ.

ಹೋದ ತಿಂಗಳು ಅಲ್ಲಿಂದ ಬಂದ ಡಿಸ್ಕ್ ತೆರೆಯುತ್ತದೆಯೇ ಎಂದು ಪರೀಕ್ಷಿಸಲು ತಮ್ಮನ ಲ್ಯಾಪ್‌ಟಾಪ್‌ಗೆ ಜೋಡಿಸಿ ಕಣ್ಣಿಗೆ ಬಿದ್ದ ಹತ್ತು ಫೈಲ್ ತೆರೆದೆ. ಪಕ್ಕದಲ್ಲಿ ಕುಳಿತಿದ್ದ ಅವ್ವ ಏಳನೆಯದಕ್ಕೆ ತಡೆದಳು. “ಸ್ವಲ್ಪ ದೊಡ್ಡದು ಮಾಡು. ಆ ಬಾಗಿಲಲ್ಲಿ ನಿಂತವಳು ನಮ್ಮ ಎದುರು ಮನೆಯವಳು.” ಹೆಸರು ಹೇಳಿದಳು, ಗಂಡನ ಹೆಸರು ಹೇಳಿದಳು, ಆ ಮನೆಯ ಬಾವಿಯ ನೀರು ಸಿಹಿಯಾಗಿತ್ತು ಎಂದೂ ಹೇಳಿದಳು. ಅಂದಿನಿಂದ ಸಂಜೆ ಅವಳು ಹೇಳುತ್ತಾಳೆ, ನಾನು ಚಿತ್ರದ ವಿವರದಲ್ಲಿ ಬರೆಯುತ್ತೇನೆ. ಹಳೆಯ ಊರಿನ ಓಣಿಗಳಲ್ಲಿ ಕಿಲ್ಲಾದ ಚಿತ್ರಗಳು ಮುಗಿದಿವೆ, ಜೈನಪೇಟೆಯವು ಬಾಕಿ ಇವೆ.